ಹೊಳೆ ಮಧ್ಯೆ ಇಂಜಿನ್ ಬಂದ್ ಮಾಡುವ ಧೈರ್ಯ

ಹೊನ್ನಾವರದಲ್ಲಿ ನಮ್ಮದೊಂದು ಫೈಬರ್ ದೋಣಿ ಇದೆ. ಶರಾವತಿ ನೋಡಲು ಬಂದವರನ್ನು ಕೂರಿಸಿಕೊಂಡು ಹೊಳೆಯಲ್ಲಿ ಒಂದು ಸುತ್ತು ಹಾಕಿಸುತ್ತೇವೆ. ನಾನು ಮತ್ತು ಅಣ್ಣ ಸೇರಿ ನಡೆಸುವುದು. ದೋಣಿಯ ಹಿಂದೆ 40 ಎಚ್‌ಪಿಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್.

ಸುತ್ತಿನ ಮಧ್ಯೆ ಒಂದು ಕಡೆ ನಾನು ಇಂಜಿನ್ ಬಂದ್ ಮಾಡುತ್ತೇನೆ. ಕಾಂಡ್ಲಾ ಗಿಡಗಳು ಎರಡೂ ದಡದಿಂದ ಬಾಗಿರುವ ಸಣ್ಣ ಕವಲು ಅದು. ಅಲ್ಲಿಯವರೆಗೆ ಎಲ್ಲರೂ ಕೂಗಿ ಕೂಗಿ ಮಾತಾಡುತ್ತಿರುತ್ತಾರೆ, ಆ ಸದ್ದಿಗೆ ಬೇರೆ ದಾರಿಯಿಲ್ಲ. ಬಂದ್ ಮಾಡಿದ ಕೂಡಲೇ ದನಿಗಳು ತಾವಾಗಿಯೇ ಇಳಿಯುತ್ತವೆ. ಬೇರಿನ ಬುಡಕ್ಕೆ ನೀರು ಬಡಿಯುವುದು ಕೇಳುತ್ತದೆ. ಮಿಂಚುಳ್ಳಿ ಕೂಗಿದರೆ ಮಕ್ಕಳು ಬೆರಳು ತೋರಿಸುತ್ತಾರೆ. ಐದು ನಿಮಿಷ, ಅಷ್ಟೇ. ಆಮೇಲೆ ಕೀ ತಿರುಗಿಸಿದರೆ ಸೆಲ್ಫ್ ಹೊಡೆದು ಇಂಜಿನ್ ಎದ್ದುಕೊಳ್ಳುತ್ತದೆ.

ಕಳೆದ ಅಕ್ಟೋಬರಿನ ಒಂದು ಸಂಜೆ ಅದು ಏಳಲಿಲ್ಲ.

ಕೀ ತಿರುಗಿಸಿದೆ. ‘ಟಕ್’. ಮತ್ತೆ ತಿರುಗಿಸಿದೆ. ‘ಟಕ್’. ದೋಣಿಯಲ್ಲಿ ಏಳು ಜನ, ಅವರಲ್ಲಿ ಒಬ್ಬರು ವಯಸ್ಸಾದ ಅಜ್ಜಿ. ನೀರು ಇಳಿತದಲ್ಲಿತ್ತು. ದೋಣಿ ಮೆಲ್ಲಗೆ ಕವಲಿನಿಂದ ದೊಡ್ಡ ಹೊಳೆಯ ಕಡೆ ಜಾರಲು ಶುರುವಾಯಿತು. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೆಲ್ಲ ಅಳಿವೆಯ ಕಡೆ ಓಡುತ್ತದೆ. ಮೇಲೆ ಗೇರುಸೊಪ್ಪೆ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರಂತೂ ಸೆಳೆತ ಇನ್ನೂ ಜಾಸ್ತಿ. ನಮ್ಮ ಅಳಿವೆಯಲ್ಲಿ ಮರಳು ದಿಬ್ಬ, ಅಲೆ ಎರಡೂ ಇವೆ. ಇಂಜಿನ್ ಇಲ್ಲದ ದೋಣಿ ಅಲ್ಲಿಗೆ ಹೋಗಲೇಬಾರದು.

ಲಂಗರು ಬಿಟ್ಟೆ. ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದು, ಸೀಟಿನ ಕೆಳಗಿದ್ದ ಹಗ್ಗ ಹುಡುಕಿದೆ. ಗಂಟನ್ನು ಇಂಜಿನ್ನಿನ ನೆತ್ತಿಯ ಚಕ್ರವಾದ ಫ್ಲೈವೀಲ್‌ನ ಕಚ್ಚಿಗೆ ಸಿಕ್ಕಿಸಿ, ಸುತ್ತಿ, ಎಳೆದೆ. ನಾಲ್ಕನೇ ಸಲಕ್ಕೆ ಇಂಜಿನ್ ಹತ್ತಿತು. ಯಾರಿಗೂ ಏನೂ ಆಗಲಿಲ್ಲ. ದಕ್ಕೆಗೆ ಬಂದು ಇಳಿಯುವಾಗ ಅಜ್ಜಿ ನನ್ನ ಕೈ ಹಿಡಿದುಕೊಂಡು, ‘ಹೆದ್ರಿದ್ಯನೋ ಮಗಾ?’ ಅಂತ ಕೇಳಿದರು. ಹೌದು ಅಂದೆ.

ಆಮೇಲೆ ಒಂದು ವಾರ ದೋಣಿ ಹಗ್ಗದ ಮೇಲೆಯೇ ಓಡಿತು. ಬೆಳಿಗ್ಗೆ ದಕ್ಕೆಯಲ್ಲಿ ಎಳೆದು ಸ್ಟಾರ್ಟ್ ಮಾಡಿದರೆ ವಾಪಸ್ ಬರುವವರೆಗೂ ಇಂಜಿನ್ ಆರಿಸುತ್ತಿರಲಿಲ್ಲ. ಕವಲಿಗೆ ಹೋದರೂ ನ್ಯೂಟ್ರಲ್‌ನಲ್ಲಿ ಗುರುಗುಟ್ಟಿಸುತ್ತಲೇ ಇದ್ದೆ. ಹೊಗೆ, ಸದ್ದು. ಹಕ್ಕಿಗಳು ಮೊದಲೇ ಹಾರಿ ಹೋಗುತ್ತಿದ್ದವು. ಜನ ಫೋಟೋ ತೆಗೆದುಕೊಂಡು ಸುಮ್ನೆ ಕೂರುತ್ತಿದ್ದರು. ನನಗೆ ಗೊತ್ತಾಗಿದ್ದು ಆಗಲೇ. ಸೆಲ್ಫ್ ಮೋಟಾರ್ ಇರುವುದು ಇಂಜಿನ್ ಸ್ಟಾರ್ಟ್ ಮಾಡುವುದಕ್ಕೆ ಅಂತ ನಾನು ಅಷ್ಟು ವರ್ಷ ಅಂದುಕೊಂಡಿದ್ದೆ. ಹಗ್ಗದಿಂದಲೂ ಸ್ಟಾರ್ಟ್ ಆಗುತ್ತಲ್ಲ. ಸೆಲ್ಫ್ ಕೊಡುತ್ತಿದ್ದುದು ಬೇರೆ ಏನೋ. ಹೊಳೆಯ ಮಧ್ಯೆ ನಿಂತು ಇಂಜಿನ್ ಬಂದ್ ಮಾಡುವ ಧೈರ್ಯ ಅದರಿಂದ ಬರುತ್ತಿತ್ತು.

ಹೊಸ ಮೋಟಾರಿಗೆ ಮಂಗಳೂರಿಗೆ ಫೋನ್ ಮಾಡಿದೆವು. ಬೆಲೆ ಐದಂಕಿಯಲ್ಲಿತ್ತು, ಬರಲು ಮೂರು ವಾರ. ಒಳಗೆ ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ಕಾರ್ಬನ್, ದಂಡದ ತುದಿ ಹಿಡಿಯುವ ಬುಷ್, ಬರೀ ಇಷ್ಟು ಸಿಗುತ್ತದಾ ಅಂದರೆ ಇಲ್ಲ, ಪೂರ್ತಿ ಸೆಟ್ಟೇ ತಗೊಳ್ಳಬೇಕು ಅಂದರು. ಅಣ್ಣ ‘ತಗೊಂಬಿಡುವಾ ತಮಾ, ಸೀಸನ್ ಹೋಗ್ತದೆ’ ಅಂದ. ನಾನು ‘ಎರಡು ದಿನ ಕೊಡು, ಬಿಚ್ಚಿ ನೋಡ್ತೆ’ ಅಂದೆ.

ಬಿಚ್ಚುವ ಮೊದಲು ಮೋಟಾರೇ ಕಳ್ಳನಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಚೆನ್ನಾಗಿರುವ ಮೋಟಾರುಗಳನ್ನು ಸುಮ್ನೆ ಬಿಚ್ಚಿಸಿ ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ. ಸೆಲ್ಫ್ ಹೊಡೆಯುವಾಗ ನೂರು ಆಂಪಿಯರ್ ಆಸುಪಾಸು ಕರೆಂಟು ಎಳೆಯುತ್ತದೆ. 12 ವೋಲ್ಟಿಗೆ ಲೆಕ್ಕ ಹಾಕಿದರೆ ಅದು ಮನೆಯ ಇಸ್ತ್ರಿ ಪೆಟ್ಟಿಗೆಗಿಂತ ಜಾಸ್ತಿ. ಇಷ್ಟು ಕರೆಂಟು ಓಡುವ ದಾರಿಯಲ್ಲಿ ಒಂದು ಓಮಿನ ಐವತ್ತನೇ ಒಂದು ಭಾಗ ಅಡ್ಡಿಯಿದ್ದರೂ 2 ವೋಲ್ಟ್ ಅಲ್ಲೇ ಸತ್ತು ಹೋಗುತ್ತದೆ. ಒಂದು ಬೋಲ್ಟಿನ ಕೆಳಗಿನ ಹಸಿರು ಕಿಲುಬು ಸಾಕು ಅಷ್ಟು ಅಡ್ಡಿಗೆ. ಉಪ್ಪು ನೀರಿನ ಊರಲ್ಲಿ ಕಿಲುಬಿಗೆ ಬರವೇ?

ಹಾಗಾಗಿ ಮಲ್ಟಿಮೀಟರ್ ಹಿಡಿದು ಕೂತೆ. ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್. ಅಂದರೆ ಪೂರ್ತಿ ಚಾರ್ಜ್ ಇದೆ. ಅಣ್ಣ ಕೀ ತಿರುಗಿಸಿದಾಗ ಅದು 9ಕ್ಕಿಂತ ಕೆಳಗೆ ಬಿತ್ತು, ಮೋಟಾರ್ ಮಾತ್ರ ಅಲ್ಲಾಡಲಿಲ್ಲ. ಇದು ದೊಡ್ಡ ಸುಳಿವು. ವೋಲ್ಟೇಜ್ ಬೀಳದೆ ಇದ್ದಿದ್ದರೆ ಕರೆಂಟು ಮೋಟಾರಿಗೆ ತಲುಪುತ್ತಲೇ ಇಲ್ಲ, ಕೀ ತಿರುಗಿಸಿದಾಗ ಮೋಟಾರಿಗೆ ಕರೆಂಟು ಬಿಡುವ ರಿಲೇಯೋ ಕಾರ್ಬನ್ನೋ ಕೈಕೊಟ್ಟಿದೆ ಅಂತ ಅರ್ಥ. ಇಲ್ಲಿ ಕರೆಂಟು ಹೋಗುತ್ತಿದೆ, ಒಳಗೆ ಏನೋ ಸಿಕ್ಕಿಕೊಂಡಿದೆ. ಅಣ್ಣ ಮತ್ತೆ ಕೀ ತಿರುಗಿಸುವಾಗ ಬ್ಯಾಟರಿಯ ಮೈನಸ್ಸಿಗೂ ಇಂಜಿನ್ನಿನ ಮೈಗೂ ನಡುವೆ ಮೀಟರ್ ಹಿಡಿದು ನೋಡಿದೆ. ಅರ್ಧ ವೋಲ್ಟಿಗಿಂತ ಜಾಸ್ತಿ ಬರಬಾರದು, ಒಂದರ ಮೇಲೆ ಬಂತು. ಅರ್ತ್ ವೈರಿನ ಬಳೆ ಕಿತ್ತು ನೋಡಿದರೆ ಒಳಗೆಲ್ಲ ಹಸಿರು. ಅಂದರೆ ಕಾಯಿಲೆ ಒಂದಲ್ಲ.

ಮೈನಸ್ ವೈರು ಮೊದಲು ಬಿಚ್ಚಿ, ಆಮೇಲೆ ಪಾನಾ ಹಾಕಿ ಮೋಟಾರನ್ನು ಇಳಿಸಿಕೊಂಡೆವು. ಔಟ್‌ಬೋರ್ಡಿನಲ್ಲಿ ಇದು ನೆಟ್ಟಗೆ ನಿಂತಿರುತ್ತದೆ, ಹಲ್ಲಿನ ಪಿನಿಯನ್ ಮೇಲ್ಗಡೆ. ಕೀ ತಿರುಗಿಸಿದಾಗ ಮೋಟಾರಿನ ದಂಡ ಗಿರ್ರನೆ ತಿರುಗುತ್ತದೆ, ಅದರ ಮೇಲಿನ ಪಿನಿಯನ್ ಅಷ್ಟು ಬೇಗ ತಿರುಗಲಾರದೆ ದಂಡದ ಸುರುಳಿ ಗೀರಿನ ಗುಂಟ ಮೇಲೆ ಹತ್ತಿ ಹೋಗಿ ಫ್ಲೈವೀಲ್‌ನ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಇಂಜಿನ್ ಹತ್ತಿದ ಕೂಡಲೇ ಫ್ಲೈವೀಲೇ ಅದನ್ನು ಕೆಳಗೆ ಒದೆಯುತ್ತದೆ. ಮೆಕ್ಯಾನಿಕ್ಕರು ಇದನ್ನು ಬೆಂಡಿಕ್ಸ್ ಅನ್ನುತ್ತಾರೆ. ಇದು ಹಗುರವಾಗಿ ಜಾರಬೇಕು. ಮಳೆಗಾಲ ಮುಗಿದು ದೋಣಿ ಇಳಿಸಿದಾಗ ಪಿನಿಯನ್ ಒಮ್ಮೊಮ್ಮೆ ಮೇಲೆ ಹತ್ತದೆ ಝುಂಯ್ ಅಂತ ಬರೀ ತಿರುಗುತ್ತಿತ್ತು. ಅದಕ್ಕೆ ನಾನೇ ದಪ್ಪ ಗ್ರೀಸ್ ಮೆತ್ತಿದ್ದೆ. ತಪ್ಪು ಮಾಡಿದ್ದೆ. ಗ್ರೀಸಿಗೆ ಧೂಳು, ಉಪ್ಪು ಅಂಟಿ ಅದು ಇನ್ನೂ ಬಿಗಿಯಾಗಿತ್ತು. ಅಲ್ಲಿಗೆ ತೆಳ್ಳನೆ ಎಣ್ಣೆ ಒಂದು ಹನಿ ಸಾಕು.

ಮೋಟಾರನ್ನು ಚೀಲದಲ್ಲಿ ಹಾಕಿಕೊಂಡು ಪೇಟೆಯ ವೈಂಡಿಂಗ್ ಅಂಗಡಿಗೆ ಹೋದೆ. ಅಲ್ಲಿಯವರನ್ನು ನಾವೆಲ್ಲ ಮಾಸ್ತರೇ ಅನ್ನುತ್ತೇವೆ. ರಿಕ್ಷಾ, ಲಾರಿ, ಟ್ರ್ಯಾಕ್ಟರ್, ಎಲ್ಲದರ ಸೆಲ್ಫೂ ಅವರ ಕೈ ಮೇಲೆ ಹೋಗುತ್ತದೆ. ಮೋಟಾರನ್ನು ಮೇಜಿನ ಮೇಲೆ ಇಡುವ ಮೊದಲೇ ಕೇಳಿದರು: ‘ತಮಾ, ಬಂದ್ ಬೀಳುವ ಮುಂಚೆ ಸದ್ದು ಹ್ಯಾಂಗೆ ಬರ್ತಿತ್ತು?’

ಯೋಚಿಸಿದೆ. ಒಂದು ತಿಂಗಳಿಂದ ಸೆಲ್ಫ್ ಹೊಡೆಯುವ ಸದ್ದು ಭಾರವಾಗಿತ್ತು. ಮೊದಲು ಚುರುಕಾಗಿ ‘ರ್ರ್ರ್’ ಅನ್ನುತ್ತಿದ್ದುದು ‘ರ್ರೂಂ... ರ್ರೂಂ’ ಅಂತ ಎಳೆಯುತ್ತಿತ್ತು. ಜೊತೆಗೆ ಸಣ್ಣಗೆ ಕೆರೆದ ಹಾಗೆ. ಇಂಜಿನ್ ಹತ್ತುತ್ತಿತ್ತಲ್ಲ, ಬಿಟ್ಟುಬಿಟ್ಟಿದ್ದೆ. ಮಾಸ್ತರು ‘ಕೆರೀತಿತ್ತು ಅಂದ್ರೆ ಒಳಗೆ ತಾಗ್ತಿತ್ತು’ ಅಂದು ಪೆಟ್ರೋಲ್ ಬಟ್ಟಲು ಎಳೆದುಕೊಂಡರು.

ಅವರು ಮೊದಲು ಮಾಡಿದ ಕೆಲಸ ನನಗೆ ಇಷ್ಟವಾಯಿತು. ಮೊಳೆ ತೆಗೆದುಕೊಂಡು ಮೇಲಿನ ಮುಚ್ಚಳ, ನಡುವಿನ ಕವಚ, ಕೆಳಗಿನ ಮುಚ್ಚಳ, ಮೂರರ ಮೇಲೂ ಸೇರುವ ಹಾಗೆ ಒಂದೊಂದು ಗೆರೆ ಗೀಚಿದರು. ಮತ್ತೆ ಜೋಡಿಸುವಾಗ ಗೆರೆಗೆ ಗೆರೆ ಕೂರಬೇಕು. ಆಮೇಲೆ ಎರಡು ಉದ್ದ ಬೋಲ್ಟು. ಇವು ಮೇಲಿನಿಂದ ಕೆಳಗಿನವರೆಗೆ ಮೋಟಾರಿನ ಹೊಟ್ಟೆಯೊಳಗೆ ಹಾದು ಹೋಗುತ್ತವೆ, ಉಪ್ಪಿಗೆ ಹಿಡಿದರೆ ತುಂಡಾಗುತ್ತವೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟೆವು. ಮರುದಿನ ಒಂದು ಸುಲಭವಾಗಿ ಬಂತು. ಇನ್ನೊಂದನ್ನು ಕಾಲು ಸುತ್ತು ಬಿಚ್ಚಿ, ಕಾಲು ಸುತ್ತು ಬಿಗಿದು, ಮತ್ತೆ ಬಿಚ್ಚಿ, ಹೀಗೆ ಮುಕ್ಕಾಲು ಗಂಟೆ. ಸುತ್ತಿಗೆಗೆ ಕೈ ಹಾಕಿದ್ದಕ್ಕೆ ಮಾಸ್ತರು ಕೈ ಹಿಡಿದರು. ಒಳಗಿನ ಆಯಸ್ಕಾಂತಗಳು ಪಿಂಗಾಣಿ ಇದ್ದ ಹಾಗೆ, ಹೊರಗಿನಿಂದ ಹೊಡೆದರೆ ಒಳಗೆ ಬಿರಿಯುತ್ತವೆ.

ತೆರೆದಾಗ ಕೆಳಗಿನ ಮುಚ್ಚಳದಲ್ಲಿ ಕಪ್ಪು ಕೆಸರು. ಕಾರ್ಬನ್ನಿನ ಪುಡಿ, ತುಕ್ಕು, ಉಪ್ಪು ಮೂರೂ ಸೇರಿದ್ದು. ನೀರು ಮೇಲಿನ ಬುಷ್ಷಿನಿಂದ ದಂಡದ ಗುಂಟ ಇಳಿದು ಬಂದಿತ್ತು. ನಾಲ್ಕು ಆಯಸ್ಕಾಂತಗಳಲ್ಲಿ ಒಂದು ಗೋಡೆ ಬಿಟ್ಟು ಎದ್ದಿತ್ತು. ಉಗುರು ತಾಗಿಸಿದರೆ ಅಲ್ಲಾಡುತ್ತಿತ್ತು. ಅದರ ಹಿಂದೆ ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಉಬ್ಬಿ ಅಂಟನ್ನು ಬಿಡಿಸಿತ್ತು. ನಡುವೆ ತಿರುಗುವ ಆರ್ಮೇಚರಿನ ಮೈಮೇಲೆ ಬೆಳ್ಳಿ ಗೆರೆ. ಒಂದು ಮಿಲಿಮೀಟರೂ ಇಲ್ಲದ ಸಂದಿ ಅದು, ಆಯಸ್ಕಾಂತ ಅಷ್ಟು ಮುಂದೆ ಬಂದರೆ ಸಾಕು ತಾಗಲು. ನಾನು ಒಂದು ತಿಂಗಳು ಕೇಳಿಸಿಕೊಂಡು ಬಿಟ್ಟಿದ್ದ ಕೆರೆತ ಇದೇ.

‘ಈ ಕವಚ ಸ್ಟೀಲಿದ್ದು ಮಾಡಿದ್ರೆ ತುಕ್ಕು ಹಿಡಿಯೂದೇ ಇಲ್ಲ ಅಲ್ವಾ ಮಾಸ್ತರೇ?’ ಅಂತ ಕೇಳಿದೆ. ಅವರು ಪಾತ್ರೆ ಅಂಗಡಿಯ ಸ್ಟೀಲ್ ಲೋಟ ತಂದು ಬಿದ್ದಿದ್ದ ಆಯಸ್ಕಾಂತದ ಹತ್ತಿರ ಹಿಡಿದರು. ಅಂಟಲಿಲ್ಲ. ಕವಚ ಬರೀ ಡಬ್ಬಿಯಲ್ಲ. ಆಯಸ್ಕಾಂತದ ಬಲ ಒಂದರಿಂದ ಇನ್ನೊಂದಕ್ಕೆ ಹರಿಯುವ ದಾರಿ ಅದೇ. ಹಾಗಾಗಿ ಅದು ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಜಾತಿಯದೇ ಆಗಬೇಕು. ಅಂದರೆ ಸಮುದ್ರದ ಪಕ್ಕ ಬದುಕಬೇಕಾದ ನಮ್ಮ ಮೋಟಾರಿಗೆ ಸಿಕ್ಕಿದ್ದು ತುಕ್ಕು ಹಿಡಿಯುವ ಮೈ. ಬಣ್ಣವೇ ಅದಕ್ಕೆ ಕಾವಲು.

ಕಾರ್ಬನ್ನುಗಳು ಅರ್ಧಕ್ಕಿಂತ ಜಾಸ್ತಿ ಸವೆದಿದ್ದವು. ಇಲ್ಲಿ ನಾನೊಂದು ಕಲಿತೆ. ನನ್ನ ಹತ್ತಿರ ಡ್ರಿಲ್ ಮಷೀನಿನ ಕಾರ್ಬನ್ ಜೋಡಿ ಇತ್ತು, ಹೆಚ್ಚುಕಡಿಮೆ ಅದೇ ಗಾತ್ರ. ಹಾಕೋಣ ಅಂದೆ. ಮಾಸ್ತರು ಎರಡನ್ನೂ ಬಿಸಿಲಿಗೆ ಹಿಡಿದು ತೋರಿಸಿದರು. ಡ್ರಿಲ್ಲಿನದು ಪೂರಾ ಕಪ್ಪು. ಸೆಲ್ಫಿನದರಲ್ಲಿ ತಾಮ್ರದ ಹೊಳಪು. 12 ವೋಲ್ಟಿನಲ್ಲಿ ಅಷ್ಟೊಂದು ಕರೆಂಟು ದಾಟಿಸಬೇಕಾದರೆ ಕಾರ್ಬನ್ನಿನಲ್ಲಿ ತಾಮ್ರದ ಪುಡಿ ಬೆರೆಸಿರಲೇಬೇಕು. ಕಪ್ಪು ಕಾರ್ಬನ್ ಹಾಕಿದರೆ ಮೋಟಾರ್ ತಿರುಗಬಹುದು, ಇಂಜಿನ್ ಎತ್ತುವ ತಾಕತ್ತು ಇರುವುದಿಲ್ಲ. ಕೊನೆಗೆ ಕಾರಿನ ಸೆಲ್ಫಿನ ಕಾರ್ಬನ್ ತಂದು ಅರದಲ್ಲಿ ಉಜ್ಜಿ ಅಳತೆಗೆ ತಂದೆವು. ಗೂಡಿನೊಳಗೆ ತಡೆಯಿಲ್ಲದೆ ಜಾರಬೇಕು, ಹಾಗಂತ ಅಕ್ಕಪಕ್ಕ ಕುಣಿಯಲೂ ಬಾರದು. ಈ ಒಂದು ಅಳತೆಗೇ ನನಗೆ ಒಂದು ಮಧ್ಯಾಹ್ನ ಹಿಡಿಯಿತು.

ಕಾರ್ಬನ್ ಒತ್ತಿಕೊಂಡಿರುವ ತಾಮ್ರದ ಉರುಳೆಯನ್ನು, ಅಂದರೆ ಕಮ್ಯುಟೇಟರ್ ಅನ್ನು, ಸಣ್ಣ ಕಣದ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದರೆ ತಾಮ್ರ ಹೊಳೆಯಿತು. ತಾಮ್ರದ ಪಟ್ಟಿಗಳ ನಡುವೆ ಅಭ್ರಕ ಇರುತ್ತದೆ. ತಾಮ್ರ ಸವೆದು ಅಭ್ರಕ ಮೇಲೆ ಬಂದರೆ ಕಾರ್ಬನ್ ಎಗರುತ್ತದೆ, ಕಿಡಿ ಹಾರುತ್ತದೆ. ಹ್ಯಾಕ್ಸಾ ಬ್ಲೇಡನ್ನು ತೆಳ್ಳಗೆ ಸಾಣೆ ಹಿಡಿದು, ಒಂದೊಂದೇ ಸಂದಿಯನ್ನು ಅರ್ಧ ಮಿಲಿಮೀಟರಿನಷ್ಟು ಕೆಳಗೆ ಕೆರೆದೆ. ಪಟ್ಟಿಗೂ ದಂಡಕ್ಕೂ ನಡುವೆ ಮೀಟರ್ ಹಿಡಿದು ಶಾರ್ಟ್ ಇಲ್ಲ ಅಂತ ನೋಡಿಕೊಂಡೆವು. ಇದ್ದಿದ್ದರೆ ಇಷ್ಟು ಮಾಡಿದ್ದೆಲ್ಲ ವ್ಯರ್ಥ, ಹೊಸ ಮೋಟಾರೇ ತರಬೇಕಿತ್ತು.

ಬುಷ್ಷಿನ ವಿಷಯ ಹೇಳಲೇಬೇಕು. ದಂಡ ತಿರುಗುವ ಎರಡು ತುದಿಗೂ ಕಂಚಿನ ಬುಷ್. ನೋಡಲು ಗಟ್ಟಿ, ಆದರೆ ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು, ಮೈತುಂಬ ಕಣ್ಣಿಗೆ ಕಾಣದ ರಂಧ್ರ. ಆ ರಂಧ್ರಗಳಲ್ಲಿ ಎಣ್ಣೆ ಕೂತಿರುತ್ತದೆ. ಮಾಸ್ತರು ಹೊಸ ಬುಷ್ಷನ್ನು ಹೆಬ್ಬೆರಳಿನ ಮೇಲೆ ನಿಲ್ಲಿಸಿದರು. ಒಳಗೆ ತುಂಬಾ ಇಂಜಿನ್ ಆಯಿಲ್ ಹೊಯ್ದರು. ಮೇಲಿನಿಂದ ಇನ್ನೊಂದು ಕೈಯ ಹೆಬ್ಬೆರಳಿಟ್ಟು ಒತ್ತಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬುಷ್ಷಿನ ಹೊರಮೈಯಲ್ಲಿ ಸಣ್ಣ ಸಣ್ಣ ಮಣಿಗಳು ಮೂಡಿದವು, ಬಿಸಿಲಲ್ಲಿ ನಡೆದು ಬಂದವರ ಹಣೆಯ ಮೇಲೆ ಬೆವರು ಮೂಡುವ ಹಾಗೆ. ಎಣ್ಣೆ ಕಂಚನ್ನೇ ತೂರಿ ಬಂದಿತ್ತು. ಇಷ್ಟು ವರ್ಷ ಇಂಜಿನ್ ಜೊತೆ ಇದ್ದು ಇದನ್ನು ನೋಡಿರಲಿಲ್ಲ. ಇನ್ನೊಂದು ಬುಷ್ಷನ್ನು ನನ್ನ ಕೈಗೆ ಕೊಟ್ಟು ‘ಈಗ ನೀ ಮಾಡು’ ಅಂದರು. ಬೆರಳಿನ ಕೆಳಗೆ ಆ ಒತ್ತಡ ಮೆಲ್ಲಗೆ ಸಡಿಲವಾಗುವುದು ಗೊತ್ತಾಗುತ್ತದೆ. ಬುಷ್ ಉದ್ದ ಜಾಸ್ತಿ ಇತ್ತು, ಲೇತಿನಲ್ಲಿ ತುದಿ ಕತ್ತರಿಸಿಕೊಂಡು ಬಂದಿದ್ದೆವು. ಆದರೆ ಒಳಮೈಗೆ ಉಳಿ ತಾಗಿಸಲು ಮಾಸ್ತರು ಬಿಡಲಿಲ್ಲ. ಕೆರೆದರೆ ರಂಧ್ರಗಳ ಬಾಯಿ ಮುಚ್ಚಿಹೋಗುತ್ತದೆ.

ಆಯಸ್ಕಾಂತ ಅಂಟಿಸುವ ಮೊದಲು ಕವಚದ ಒಳಗಿನ ತುಕ್ಕನ್ನು ಬಿಳಿ ಲೋಹ ಕಾಣುವವರೆಗೆ ಕೆರೆದೆ. ಯಾವ ತುದಿ ಮೇಲೆ ಅಂತ ಗುರುತು ಮಾಡಿಕೊಂಡಿದ್ದೆವು. ಪಕ್ಕಪಕ್ಕದವು ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಹೀಗೇ ಬರಬೇಕು. ಒಂದು ತಪ್ಪಿದರೆ ಮೋಟಾರಿಗೆ ಬಲವೇ ಇಲ್ಲ. ಎಪಾಕ್ಸಿ ಹಾಕಿ, ಮರದ ಬೆಣೆ ಕೊಟ್ಟು, ಒಂದು ದಿನ ಬಿಟ್ಟೆವು.

ಆ ಒಂದು ದಿನ ನಾನು ಸುಮ್ನೆ ಇಂಥದ್ದನ್ನೆಲ್ಲ ಓದುತ್ತಾ ಕೂತೆ. ಓಲೆ ಎವಿನ್ರೂಡ್ 1909ರಲ್ಲಿ ಅಮೆರಿಕದಲ್ಲಿ ಔಟ್‌ಬೋರ್ಡ್ ಇಂಜಿನ್ ಮಾಡಿ ಮಾರಲು ತೊಡಗಿದಾಗ ಸ್ಟಾರ್ಟ್ ಮಾಡಲು ಫ್ಲೈವೀಲ್‌ನ ಮೇಲೆ ಒಂದು ಹಿಡಿಕೆ ಇತ್ತು. ಅದನ್ನು ಹಿಡಿದು ತಿರುಗಿಸಿ, ಇಂಜಿನ್ ಹತ್ತುವ ಮೊದಲು ಕೈ ತೆಗೆಯಬೇಕು. ತಡವಾದರೆ ಗೆಣ್ಣಿಗೆ ಪೆಟ್ಟು. ಕಾರಿಗೆ ಎಲೆಕ್ಟ್ರಿಕ್ ಸೆಲ್ಫ್ ಬಂದಿದ್ದು 1912ರ ಕ್ಯಾಡಿಲಾಕ್‌ನಲ್ಲಿ, ಮಾಡಿದವರು ಚಾರ್ಲ್ಸ್ ಕೆಟರಿಂಗ್. ಅವರು ಅದಕ್ಕೂ ಮುಂಚೆ ಅಂಗಡಿಗಳ ದುಡ್ಡಿನ ಲೆಕ್ಕದ ಯಂತ್ರಕ್ಕೆ, ಅಂದರೆ ಕ್ಯಾಶ್ ರಿಜಿಸ್ಟರಿಗೆ, ಮೋಟಾರ್ ಕೂರಿಸಿದವರು. ಕಾರಿನ ಇಂಜಿನ್ ಎತ್ತಲು ಭಾರೀ ಮೋಟಾರ್ ಬೇಕು ಅಂತ ಬೇರೆಯವರು ಅಂದುಕೊಂಡಿದ್ದರು. ಕೆಟರಿಂಗ್‌ಗೆ ಹೊಳೆದಿದ್ದು ಬೇರೆ. ಕ್ಯಾಶ್ ರಿಜಿಸ್ಟರಿನ ಡ್ರಾಯರ್ ತೆರೆಯುವ ಹಾಗೆ ಇದೂ ಕ್ಷಣದ ಕೆಲಸ. ಸಣ್ಣ ಮೋಟಾರಿನ ಮೇಲೆ ಅದರ ಶಕ್ತಿಗೆ ಮೀರಿದ ಭಾರ ಹೊರಿಸಬಹುದು, ಎರಡು ಮೂರು ಸೆಕೆಂಡಿಗೆ ಮಾತ್ರ.

ಇದನ್ನು ಓದಿದ ಮೇಲೆ ನಾನು ಕೀ ಹಿಡಿಯುವ ರೀತಿಯೇ ಬದಲಾಯಿತು. ಮೊದಲೆಲ್ಲ ಹತ್ತದಿದ್ದರೆ ಹದಿನೈದು ಇಪ್ಪತ್ತು ಸೆಕೆಂಡು ಹಿಡಿದೇ ಇರುತ್ತಿದ್ದೆ. ಈಗ ಐದು ಸೆಕೆಂಡಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಹತ್ತದಿದ್ದರೆ ಬಿಟ್ಟು, ಆರಲು ಸಮಯ ಕೊಟ್ಟು, ಆಮೇಲೆ ಮತ್ತೆ.

ಜೋಡಿಸುವಾಗ ಆರ್ಮೇಚರನ್ನು ಆಯಸ್ಕಾಂತಗಳು ಕೈಯಿಂದ ಕಸಿದುಕೊಳ್ಳುತ್ತವೆ. ಕಸಿದ ರಭಸಕ್ಕೆ ಕಾರ್ಬನ್ ಗೂಡಿನಿಂದ ಹಾರಿ ಹೊರಗೆ. ಎರಡು ಸಲ ಹಾಗಾಯಿತು. ಮೂರನೇ ಸಲ ಕಾರ್ಬನ್ನುಗಳನ್ನು ತೆಳು ತಂತಿಯಲ್ಲಿ ಹಿಂದಕ್ಕೆ ಕಟ್ಟಿ, ಕೆಳಗಿನ ಮುಚ್ಚಳವನ್ನು ಆರ್ಮೇಚರಿಗೆ ಮೊದಲೇ ಕೂರಿಸಿ, ತಂತಿ ಎಳೆದುಕೊಂಡು, ಎರಡನ್ನೂ ಒಟ್ಟಿಗೆ ಬಿಗಿಯಾಗಿ ಹಿಡಿದು ಮೇಲಿನಿಂದ ಕವಚ ಇಳಿಸಿದೆವು. ಗೆರೆಗೆ ಗೆರೆ ಕೂತಿತು.

ವೈಸ್‌ನಲ್ಲಿ ಬಿಗಿದು ಬ್ಯಾಟರಿ ಮುಟ್ಟಿಸಿದಾಗ ಅದು ಒದ್ದ ರಭಸಕ್ಕೆ ಮೇಜು ಅಲ್ಲಾಡಿತು. ಪಿನಿಯನ್ ಟಣ್ ಅಂತ ಮೇಲೆ ಹಾರಿತು. ಮಾಸ್ತರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ‘ಅಡ್ಡಿಲ್ಲ’ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಅವರು ತೆಗೆದುಕೊಂಡ ದುಡ್ಡು ಹೊಸ ಮೋಟಾರಿನ ಬೆಲೆಯ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಜಾಸ್ತಿ ಕೊಡಲು ಹೋದರೆ ತಗೊಳ್ಳಲಿಲ್ಲ.

ಹೊರಗೆ ಎರಡು ಕೋಟ್ ಬಣ್ಣ ಹೊಡೆದೆವು, ಸಂದುಗಳಿಗೆ ಸಿಲಿಕಾನ್ ಹಚ್ಚಿದೆವು, ಅರ್ತ್ ವೈರು ಹೊಸದು ಹಾಕಿದೆವು. ಇನ್ನೊಂದು ಬದಲಾವಣೆ ಮಳೆಗಾಲದ್ದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಂಜಿನ್ ಮನೆಯ ಚಾವಡಿಯಲ್ಲಿರುತ್ತದೆ. ಇಲ್ಲಿಯವರೆಗೆ ಟಾರ್ಪಾಲಿನಲ್ಲಿ ಗಾಳಿಯೂ ಹೋಗದ ಹಾಗೆ ಬಿಗಿದು ಕಟ್ಟುತ್ತಿದ್ದೆವು, ಕಾಳಜಿಯಿಂದಲೇ. ನಮ್ಮ ಕಡೆಯ ಮಳೆಗಾಲದ ತೇವ ಒಳಗೇ ಕೂತು ಬೆವರುತ್ತಿತ್ತು. ತುಕ್ಕು ಹಿಡಿದಿದ್ದು ಹೊಳೆಯಲ್ಲಿ ಓಡುವಾಗ ಅಲ್ಲ, ನಾಲ್ಕು ತಿಂಗಳು ಬೆಚ್ಚಗೆ ಮಲಗಿದ್ದಾಗ ಅಂತ ನನಗೆ ಈಗ ಖಾತ್ರಿ. ಈ ಸಲ ಹಳೆ ಹತ್ತಿ ಸೀರೆ ಹೊದೆಸಿ, ಹದಿನೈದು ದಿನಕ್ಕೊಮ್ಮೆ ಬ್ಯಾಟರಿ ಮುಟ್ಟಿಸಿ ಸೆಲ್ಫನ್ನು ಒಂದು ಕ್ಷಣ ತಿರುಗಿಸುತ್ತಿದ್ದೆ. ಅಮ್ಮ ಒಳಗಿನಿಂದ ಆ ಸದ್ದು ಕೇಳಿ ‘ಎದ್ದಿತಾ ಅದು?’ ಅನ್ನುತ್ತಿದ್ದಳು.

ಮೋಟಾರ್ ಕೂರಿಸಿದ ಮರುದಿನ ಬೆಳಿಗ್ಗೆ ಮೊದಲ ಸುತ್ತಿಗೆ ಧಾರವಾಡ ಕಡೆಯ ಒಂದು ಕುಟುಂಬ ಬಂದಿತ್ತು. ಕವಲಿನೊಳಗೆ ಹೋದೆ. ಕೀ ಮೇಲೆ ಕೈಯಿಟ್ಟೆ. ಬೆನ್ನಲ್ಲಿ ಒಂಚೂರು ಅಳುಕು ಇತ್ತು, ಇಲ್ಲ ಅನ್ನುವುದಿಲ್ಲ. ಬಂದ್ ಮಾಡಿದೆ.

ಸದ್ದು ನಿಂತಿತು. ದೋಣಿಯ ಹಿಂದಿನ ಅಲೆ ನಮ್ಮನ್ನು ದಾಟಿ ಹೋಗಿ ಬೇರುಗಳ ನಡುವೆ ಲೊಚಲೊಚ ಅಂದಿತು, ಆಮೇಲೆ ಅದೂ ಇಲ್ಲ. ಎಲ್ಲೋ ದೂರದಲ್ಲಿ ರೈಲು ಸೇತುವೆ ಮೇಲೆ ಗಾಡಿ ದಾಟುವುದು ಕೇಳುತ್ತಿತ್ತು. ಕೆಸರಿನ ಮೇಲೆ ಏಡಿಗಳು ಬಿಲದಿಂದ ಹೊರಗೆ ಬಂದವು. ಮುಂದೆ ಕೂತಿದ್ದ ಸಣ್ಣ ಹುಡುಗಿ ಅವನ್ನು ಎಣಿಸುತ್ತಿದ್ದಳು, ತುಟಿ ಮಾತ್ರ ಅಲ್ಲಾಡುತ್ತಿತ್ತು.

ಐದು ನಿಮಿಷ ಆಯಿತು. ನಾನು ಕೀ ಕಡೆ ಕೈ ಚಾಚಿದ್ದನ್ನು ನೋಡಿ ಅವಳು ತಿರುಗಿ ಪಿಸುಗುಟ್ಟಿದಳು, ‘ಮಾಮಾ, ಇನ್ನೊಂದ್ ಸ್ವಲ್ಪ.’

ಅಡ್ಡಿಲ್ಲ ಅಂದೆ. ಕೈ ಹಿಂದಕ್ಕೆ ತೆಗೆದುಕೊಂಡೆ.